ಮನಿ ಕಾಯಲಿಕ್ಕೆ ಉಳದಾಕಿ ಮತ್ತ ನಾವು ನೋಡಿದ ಸಿನೆಮಾ

ಹೋದ ಸರ್ತಿ ಬಾಳಕದ ಮೆಣಸಿನಕಾಯಿ ಬಗ್ಗೆ ಬರದಿದ್ದೆ. ಈ ಸರ್ತಿ ಅಡಗಿಮನಿ ಬಿಟ್ಟು ಥೇಟರಿಗೆ ಹೋಗೂಣು ಬರ್ರಿ. ಮೊದಲ ಹೇಳಿಬಿಡತೇನಿ, ನಾ ಸಿನೆಮಾ ಹುಚ್ಚಿನಾಕಿ ಅಲ್ಲ. ವರ್ಷಕ್ಕ ಎರಡೋ ಮೂರೋ, ಅದೂ ಯಾರರೆ ಕರಕೊಂಡು ಹೋದ್ರ. ಕ್ಯಾಮೆರಾ ಹೆಂಗದ, ಎಡಿಟಿಂಗ್ ಹೆಂಗದ ಅಂತೆಲ್ಲಾ ಹೇಳಲಿಕ್ಕೆ ನನಗ ಬರೂದಿಲ್ಲ. ಆದ್ರ ಐವತ್ತು ವರ್ಷದಾಗ ಥೇಟರಿನಾಗ ಕೂತು ನೋಡಿದ್ದರೊಳಗ ಯಾವುದು ಮನಸ್ಸಿನಾಗ ಉಳದದ ಅಂತ ಎಣಿಸಿಕೊಂಡು ಕೂತಾಗ ಒಂದು ಮಾತು ಹೊಳೀತು. ಉಳದದ್ದರಾಗ ಅರ್ಧಕ್ಕರ್ಧ ಗಂಡನ್ನ ಕಳಕೊಂಡ ಹೆಣಮಕ್ಕಳ ಕಥಿ. ಯಾಕ ಅವೇ ಉಳದವು ಅನ್ನೂದಕ್ಕ ಕಾರಣ ನಮ್ಮ ಅತ್ಯಾ, ನಮ್ಮಪ್ಪನ ಅಕ್ಕ.

ಅತ್ಯಾ ಹುಟ್ಟಿದ್ದು 1930ರ ಸುಮಾರು. 1953ರಾಗ, ಇಪ್ಪತ್ಮೂರನೇ ವರ್ಷಕ್ಕ, ಒಂದು ಟ್ರಂಕು ಹಿಡಕೊಂಡು ತವರಮನಿಗೆ ತಿರುಗಿ ಬಂದಾಕಿ. ಮುಂದ ನಮ್ಮ ಧಾರವಾಡದ ಮನಿಯೊಳಗೇ ಉಳದ್ಲು. ನಾವೆಲ್ಲಾ ಸಿನೆಮಾಕ್ಕ ಹೊಂಟಾಗ "ಮನಿ ಕಾಯಲಿಕ್ಕೆ ಒಬ್ರು ಬೇಕಲ್ಲ" ಅಂತ ಉಳಿಯಾಕಿ. ನೀವೂ ನಿಮ್ಮ ನಿಮ್ಮ ಮನ್ಯಾಗ ಇಂಥಾಕಿನ್ನ ನೋಡೇ ಇರತೀರಿ.

ಅಕಿ ಕಥಿಗೆ ಬರೂಕಿಂತ ಮುಂಚೆ ಒಂದಿಷ್ಟು ಹಿಂದಿಂದು ಹೇಳತೇನಿ. 1913ರಾಗ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ತಗೀಬೇಕಾದ್ರ ತಾರಾಮತಿ ಪಾತ್ರಕ್ಕ ಒಬ್ಬ ಹೆಣಮಗಳು ಸಿಗಲಿಲ್ಲ. ಕಡೀಕ ಹೋಟೆಲ್ಲಿನಾಗ ಕೆಲಸಾ ಮಾಡತಿದ್ದ ಸಾಳುಂಕೆ ಅನ್ನೋ ಹುಡುಗಗ ಸೀರಿ ಉಡಿಸಿ ನಿಲ್ಲಿಸಿದ್ರು. ಅದೇ ವರ್ಷ 'ಮೋಹಿನಿ ಭಸ್ಮಾಸುರ'ದಾಗ ದುರ್ಗಾಬಾಯಿ ಕಾಮತ್ ಮತ್ತ ಅವರ ಮಗಳು ಕಮಲಾಬಾಯಿ ಬಂದ್ರು. ಪರದೆ ಮ್ಯಾಲೆ ಹೆಣಮಕ್ಕಳು ಕಂಡದ್ದು ಹಂಗ. ಥೇಟರಿನೊಳಗ ಹೆಣಮಕ್ಕಳು ಬಂದು ಕೂಡಲಿಕ್ಕೂ ಸ್ವಲ್ಪ ದಿನಾ ಹಿಡೀತು. ಮರ್ಯಾದಸ್ತ ಮನಿ ಹೆಣಮಕ್ಕಳು ಹೊರಗ ಬೀಳಬೇಕಾದ್ರ ದೇವರ ಹೆಸರು ಬೇಕಾಗತಿತ್ತು. ಅದಕ್ಕೇ ಮೊದಲ ಮೊದಲ ಎಲ್ಲಾ ಪುರಾಣದ ಚಿತ್ರಗಳೇ.

ಕನ್ನಡದಾಗ ತೆರಿ ಕಂಡ ಮೊದಲ ಮಾತಾಡೂ ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ಕ್ಕ ಬೆಂಗಳೂರಿನ ಪ್ಯಾರಾಮೌಂಟ್ ಥೇಟರಿನಾಗ ಬಂತು. ವೈ. ವಿ. ರಾವ್ ಅದರ ನಿರ್ದೇಶಕರು. ಆದ್ರ ಚಿತ್ರಾ ತಗದದ್ದು ಕೊಲ್ಲಾಪುರದಾಗ! ಬೆಂಗಳೂರಿನವರು ಅಷ್ಟು ದೂರ ಬಂದು ನಮ್ಮ ಕಡೆ ಮಹಾಲಕ್ಷ್ಮಿ ಊರಿನಾಗ ಕನ್ನಡ ಮಾತಾಡಿಸಿಕೊಂಡು ಹೋದ್ರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನಾ, ಆರ್. ನಾಗೇಂದ್ರರಾಯರು ರಾವಣ. ಕಥಿ ನಿಮಗ ಗೊತ್ತದ. ಗಂಡ ಸತ್ತ ಮ್ಯಾಲೆ ಸುಲೋಚನಾ ಚಿತಿ ಏರತಾಳ. ನೋಡ್ರಿ, ನಮ್ಮ ಭಾಷಾದ ಮೊದಲ ಟಾಕಿಯೊಳಗ ಗಂಡನ್ನ ಕಳಕೊಂಡಾಕಿಗೆ ಇದ್ದ ಹಾದಿ ಅದೊಂದೇ. ಅಕಿ ಬದುಕಿ ಉಳದಿದ್ರ ಮುಂದ ಏನು ಅನ್ನೂ ಪ್ರಶ್ನಿ ಬರಲೇ ಇಲ್ಲ.

ಆಗ ನಮ್ಮ ಧಾರವಾಡ, ಹುಬ್ಬಳ್ಳಿ ಎಲ್ಲಾ ಮುಂಬಯಿ ಪ್ರಾಂತದಾಗ. ಹಿಂಗಾಗಿ ನಮ್ಮ ಅಜ್ಜಿ ಕಾಲದವರಿಗೆ ಕನ್ನಡಕ್ಕಿಂತ ಮರಾಠಿ, ಹಿಂದಿ ಚಿತ್ರಗಳೇ ಹೆಚ್ಚು. ಹುಬ್ಬಳ್ಳಿಗೆ ಇನ್ನೊಂದು ಹೆಮ್ಮಿನೂ ಅದ. ದೊಡ್ಡ ನಿರ್ದೇಶಕ ವಿ. ಶಾಂತಾರಾಮ್ ಹುಡುಗ ಇದ್ದಾಗ ಅಲ್ಲೇ ರೇಲ್ವೆ ವರ್ಕ್‌ಶಾಪಿನಾಗ ದುಡದು, ಸಂಜಿಕೆ ಒಂದು ತಗಡಿನ ಥೇಟರಿನಾಗ ಸಣ್ಣಪುಟ್ಟ ಕೆಲಸಾ ಮಾಡಿಕೊಂಡಿದ್ರು. ಅವರೇ ಮುಂದ 1937ರಾಗ ಪ್ರಭಾತ್ ಕಂಪನಿಗೆ 'ಕುಂಕೂ' ತಗದ್ರು. ಹಿಂದಿಯೊಳಗ 'ದುನಿಯಾ ನ ಮಾನೆ' ಅಂತ ಬಂತು. ಮೋಸ ಮಾಡಿ ಮುದುಕಗ ಕೊಟ್ಟು ಲಗ್ನಾ ಮಾಡಿದ ಹುಡುಗಿ, ಶಾಂತಾ ಆಪ್ಟೆ, "ಈ ಲಗ್ನಾ ನಾ ಒಪ್ಪೂದಿಲ್ಲ" ಅಂತ ಗಟ್ಟಿ ನಿಲ್ಲತಾಳ. ಕಡೀಕ ಮುದುಕಗೇ ತನ್ನ ತಪ್ಪು ತಿಳದು ಅಂವ ಜೀವಾ ಕಳಕೋತಾನ. ನಮ್ಮಜ್ಜಿ ಈ ಸಿನೆಮಾದ ಹೆಸರು ತಗದ್ರ ಸಾಕು, "ಏನು ಬಾಯಿ ಆ ಹುಡುಗೀದು!" ಅನ್ನಾಕಿ. ಬೈಯೂ ಧ್ವನಿ ಇರತಿತ್ತು, ಮುಖದ ಮ್ಯಾಲೆ ಮಾತ್ರ ನಗಿ.

ಅದೇ 1937ರಾಗ ಸರಕಾರ ಒಂದು ಕಾಯ್ದೆ ತಂದಿತ್ತು. ಸತ್ತ ಗಂಡನ ಆಸ್ತಿಯೊಳಗ ಹೆಂಡತಿಗೂ ಒಂದು ಪಾಲು ಅಂತ. ಆದ್ರ ಅದನ್ನ ಜೀವಾ ಇರೂತನಕ ಅನುಭವಿಸೂದಷ್ಟೇ, ಪೂರ್ತಿ ಒಡೆತನ ಇಲ್ಲ. ಪೂರ್ತಿ ಒಡೆತನ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ. ವಿಧವಾ ಮತ್ತ ಲಗ್ನಾ ಆಗಬಹುದು ಅಂತ ಕಾಯ್ದೆ ಆಗಿದ್ದಂತೂ ಇವೆಲ್ಲಕ್ಕಿಂತ ಹಳೇದು, 1856ರದು. ಈ ಮೂರು ಇಸವಿ ನೆನಪಿಟ್ಟುಕೊಳ್ರಿ, ಮುಂದ ಬರತಾವ.

ಈಗ ನಮ್ಮ ಕಾಲಕ್ಕ ಬರೂಣು. 1970ರ ಸುಮಾರಿಗೆ ನಾವು ಹುಡುಗೂರು. ಸಿನೆಮಾ ಅಂದ್ರ ಮ್ಯಾಟಿನಿ. ಊಟಾ ಮುಗಿಸಿ, ಭಾಂಡಿ ತಿಕ್ಕಿ, ಗಂಡಸೂರು ಆಫೀಸಿಂದ ಬರೂದ್ರಾಗ ತಿರುಗಿ ಮನಿ ಮುಟ್ಟಬೇಕು. ಓಣಿ ಹೆಣಮಕ್ಕಳೆಲ್ಲಾ ಕೂಡಿ ಏಳೆಂಟು ಮಂದಿ ಹೊಂಡೂದು. ಹೆಣಮಕ್ಕಳ ಟಿಕೀಟಿನ ಸಾಲು ಬ್ಯಾರೆ, ಕಂಬಿ ಹಾಕಿದ ಸಣ್ಣ ಸಂದಿ, ಅದರಾಗ ಬಗಲಾಗ ಕೂಸು, ಕೈಯಾಗ ಚಿಲ್ಲರ. ಕೂಡೂ ಜಾಗಾನೂ ಬ್ಯಾರೆ. ಇಂಟರ್‌ವಲ್‌ದಾಗ ಮನಿಯಿಂದ ಒಯ್ದ ಚುರಮುರಿ, ಶೇಂಗಾ. ಕೂಸು ಅತ್ರ ಹಿಂದಿನ ಸಾಲಿನ ಯಾರೋ ಗುರ್ತಿಲ್ಲದಾಕಿ ಎತ್ತಿಕೊಂಡು ಸಮಾಧಾನ ಮಾಡಾಕಿ. ಅತ್ತದ್ದು ಪರದೆ ಮ್ಯಾಲಿನವರು ಎಷ್ಟೋ, ಕೆಳಗ ಕೂತವರು ಅದಕ್ಕಿಂತ ಹೆಚ್ಚು.

ಅತ್ಯಾ ಬರತಿರಲಿಲ್ಲ. ಆದ್ರ ಒಂದು ವಿಶೇಷ ಇತ್ತು. ನಾವು ನೋಡಲಿಕ್ಕೆ ಹೋಗೂ ಸಿನೆಮಾದ ಕಥಿ ನಮಗಿಂತ ಮೊದಲ ಅಕಿಗೆ ಗೊತ್ತಿರತಿತ್ತು. ಯಾಕಂದ್ರ ಆವಾಗಿನ ಒಳ್ಳೊಳ್ಳೆ ಕನ್ನಡ ಸಿನೆಮಾ ಎಲ್ಲಾ ಹೆಣಮಕ್ಕಳು ಬರದ ಕಾದಂಬರಿ ಮ್ಯಾಲೇ ಬರತಿದ್ವು. ತ್ರಿವೇಣಿಯವರ 'ಬೆಳ್ಳಿ ಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ', ಎಂ. ಕೆ. ಇಂದಿರಾ ಅವರ 'ಗೆಜ್ಜೆ ಪೂಜೆ', ವಾಣಿಯವರ 'ಎರಡು ಕನಸು', 'ಶುಭಮಂಗಳ', ದೇವಕಿ ಮೂರ್ತಿಯವರ 'ಉಪಾಸನೆ'. ನಮ್ಮಪ್ಪ ಲೈಬ್ರರಿಯಿಂದ ತರೂ ಪುಸ್ತಕ ಅತ್ಯಾ ಎರಡು ದಿನದಾಗ ಮುಗಸಾಕಿ. ನಾವು ಥೇಟರಿನಿಂದ ಬಂದು ಚಪ್ಪಲಿ ಬಿಡೂದ್ರಾಗ ಚಹಾ ಇಟ್ಟು, "ಕಡೀಕ ಏನು ಮಾಡ್ಯಾರ? ಪುಸ್ತಕದಾಗ ಇದ್ದಂಗೇ ಅದನೋ, ಬದಲೀ ಮಾಡ್ಯಾರೋ?" ಅಂತ ಒಂದೊಂದೇ ಕೇಳಾಕಿ. ನಾವು ನೋಡಿದ್ದಕ್ಕಿಂತ ಅಕಿ ಕೇಳಿಸಿಕೊಂಡು ಕಟ್ಟಿಕೊಂಡ ಸಿನೆಮಾನೇ ದೊಡ್ಡದು ಅಂತ ನನಗ ಈಗ ಅನಸತದ.

'ಹಣ್ಣೆಲೆ ಚಿಗುರಿದಾಗ' ಬಂದದ್ದು 1968ರಾಗ. ನಾ ನೋಡಿದ್ದು ಕೆಲವು ವರ್ಷ ಬಿಟ್ಟು, ಮತ್ತೊಮ್ಮೆ ಹಾಕಿದಾಗ. ರಾಜಕುಮಾರ್, ಕಲ್ಪನಾ. ಎಂ. ಆರ್. ವಿಠಲ್ ಅವರ ಚಿತ್ರ. ಸಣ್ಣ ವಯಸ್ಸಿನಾಗ ವಿಧವಾ ಆದ ಮಗಳು ಓದಬೇಕು, ಮತ್ತ ಬದುಕಬೇಕು ಅಂದ್ರ ಅಡ್ಡ ನಿಲ್ಲೂ ಹಳೇ ಕಾಲದ ತಂದಿ. ಆ ತಂದಿ ಪಾತ್ರ ಮಾಡಿದವರು ಯಾರು ಗೊತ್ತೇನು? ಅದೇ ನಾಗೇಂದ್ರರಾಯರು, 'ಸತಿ ಸುಲೋಚನ'ದ ರಾವಣ! 1934ರಾಗ ರಾವಣ ಆದಾವರು ಮೂವತ್ತನಾಕು ವರ್ಷದ ಮ್ಯಾಲೆ ಇಲ್ಲಿ ಅಪ್ಪ ಆಗಿ ಮನಸ್ಸು ಮೆತ್ತಗ ಮಾಡಿಕೋತಾರ. ಕಾಯ್ದೆ ಬಂದು ಆಗಲೇ ನೂರಾ ಹನ್ನೆರಡು ವರ್ಷ ಆಗಿತ್ತು. ಆದ್ರೂ ನಮ್ಮ ಓಣ್ಯಾಗ ಆ ಸಿನೆಮಾ ನೋಡಿ ಬಂದವರು ವಾರಗಟ್ಟಲೆ ವಾದಾ ಮಾಡಿದ್ರು, ಹಿಂಗ ಮಾಡಬಹುದೋ ಬಾರದೋ ಅಂತ.

ಅವತ್ತ ಅತ್ಯಾ ಕಥಿ ಕೇಳಲಿಲ್ಲ. ಒಂದೇ ಮಾತು ಕೇಳಿದ್ಲು: "ಥೇಟರಿನಾಗ ಯಾರರೆ ಚಪ್ಪಾಳಿ ಹೊಡದ್ರೇನು? ಹೊಡದಿದ್ರ ಗಂಡಸೂರೋ, ಹೆಂಗಸೂರೋ?" ನಮ್ಮವ್ವ ಸುಮ್ಮನ ಕೂತ್ಲು. ನನಗ ಉತ್ತರ ಗೊತ್ತಿರಲಿಲ್ಲ. ಇವತ್ತಿಗೂ ಯಾವುದರೆ ಸಿನೆಮಾ ನೋಡಬೇಕಾದ್ರ ನಾ ಪರದೆಗಿಂತ ಸುತ್ತಲೂ ಕೂತವರನ್ನ ಹೆಚ್ಚು ನೋಡತೇನಿ, ಈ ಚಟಾ ಅಲ್ಲಿಂದ ಹತ್ತಿದ್ದು.

ತ್ರಿವೇಣಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ತೀರಿಕೊಂಡದ್ದು 1963ರಾಗ, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಪುಟ್ಟಣ್ಣ ಕಣಗಾಲ್ ಅವರ 'ಬೆಳ್ಳಿ ಮೋಡ' ಬಂದದ್ದು 1967ರಾಗ. ಅಂದ್ರ ತಮ್ಮ ಕಾದಂಬರಿ ನೋಡಿ ಸಾವಿರಾರು ಹೆಣಮಕ್ಕಳು ಸೆರಗಿನಾಗ ಕಣ್ಣು ಒರೆಸಿಕೊಂಡದ್ದನ್ನ ಅವರು ನೋಡಲೇ ಇಲ್ಲ.

1971ರ 'ಶರಪಂಜರ' ವಿಧವಾ ಕಥಿ ಅಲ್ಲ. ಆದ್ರ ಮುತ್ತೈದಿ ಇದ್ದೂ ಅರಿಷಿಣ ಕುಂಕುಮದ ಸಾಲಿನಿಂದ ಹೊರಗ ಬಿದ್ದಾಕಿ ಕಥಿ. ಕಾವೇರಿಗೆ ಎರಡನೇ ಬಾಣಂತನ ಆದ ಮ್ಯಾಲೆ ಮನಸ್ಸು ಕೆಡತದ. ಆಸ್ಪತ್ರಿಯಿಂದ ಆರಾಮಾಗಿ ಬರತಾಳ. ಆದ್ರ ಮನಿಯವರು, ಮಂದಿ, ಗಂಡ, ಯಾರೂ ಅಕಿನ್ನ ಆರಾಮಾಗಲಿಕ್ಕೆ ಬಿಡೂದಿಲ್ಲ. ನಕ್ರೂ ಹುಚ್ಚು, ಅತ್ರೂ ಹುಚ್ಚು. ಕಡೀಕ ಖರೇನೇ ಹುಚ್ಚಿ ಆಗತಾಳ. ಧಾರವಾಡದವರಿಗೆ ಈ ಸಿನೆಮಾ ಬ್ಯಾರೆನೇ ತಟ್ಟತು. ಯಾಕಂದ್ರ ನಮ್ಮೂರಿನಾಗ ಬ್ರಿಟಿಷರ ಕಾಲದಿಂದಲೂ ಹುಚ್ಚರ ದವಾಖಾನಿ ಅದ. ಸುತ್ತಲಿನ ಜಿಲ್ಲಾದಾಗ ಯಾರರೆ ಸ್ವಲ್ಪ ಅಡ್ಡಾತಿಡ್ಡಿ ಮಾತಾಡಿದ್ರ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ಚಾಷ್ಟಿ ಮಾಡತಾರ. ನಮ್ಮ ಓಣ್ಯಾಗೂ ಒಬ್ಬಾಕಿ ಬಾಣಂತನದ ಮ್ಯಾಲೆ ಅಲ್ಲಿ ಇದ್ದು ಬಂದಿದ್ಲು. ಯಾರೂ ಅಕಿನ್ನ ಅರಿಷಿಣ ಕುಂಕುಮಕ್ಕ ಕರೀತಿರಲಿಲ್ಲ. 'ಶರಪಂಜರ' ನೋಡಿಕೊಂಡು ಬಂದ ವರ್ಷ ಶ್ರಾವಣದಾಗ ನಮ್ಮವ್ವ ತಾನೇ ಹೋಗಿ ಕರದ್ಲು. ಬ್ಯಾರೆಯವರೂ ಕರದ್ರು. ಸಿನೆಮಾದಿಂದ ಏನಾಗತದ ಅಂತ ಯಾರರೆ ಕೇಳಿದ್ರ ನಾ ಇದೊಂದು ಹೇಳತೇನಿ.

ಆದ್ರ ಅದೇ ಶ್ರಾವಣದಾಗೂ ಅತ್ಯಾ ಒಳಗ ಕೋಸಂಬರಿ ಕಲಿಸಿಕೋತ ಕೂತಿದ್ಲು. ಅಕಿನ್ನ ಹೊರಗ ಕರೀಬೇಕು ಅಂತ ಯಾರಿಗೂ ಅನಸಲಿಲ್ಲ. ಕಾವೇರಿ ಸಲುವಾಗಿ ಅತ್ತ ಕಣ್ಣಿಗೆ ಮನ್ಯಾಗಿನಾಕಿ ಕಾಣಲಿಲ್ಲ.

ಅತ್ಯಾ ಮೊದಲನೇ ಸರ್ತಿ ಥೇಟರಿಗೆ ಬಂದದ್ದು 'ಜೈ ಸಂತೋಷಿ ಮಾ'ಕ್ಕ. 1975ರ ಚಿತ್ರ, 'ಶೋಲೆ' ಬಂದ ವರ್ಷದ್ದೇ. ದೊಡ್ಡ ನಟರಿಲ್ಲ, ಸಣ್ಣ ಖರ್ಚಿನಾಗ ತಗದದ್ದು. ಆದ್ರ ದೇಶಾದ್ಯಂತ ಹೆಣಮಕ್ಕಳು ಜಾತ್ರಿಗೆ ಬಂದಂಗ ಬಂದ್ರು. ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗೂದೇನು, ದೇವಿ ಬಂದಾಗ ಪರದೆಗೆ ಹೂವು, ಚಿಲ್ಲರ ತೂರೂದೇನು! ನಮ್ಮ ಕಡೆನೂ ಹದಿನಾರು ಶುಕ್ರವಾರದ ವ್ರತ ಮನಿಮನಿಗೆ ಹಬ್ಬತು. ಬೆಲ್ಲ, ಪುಠಾಣಿ ನೈವೇದ್ಯ. ಅವತ್ತ ಹುಳಿ ಮುಟ್ಟೂಹಂಗಿಲ್ಲ, ಮಜ್ಜಿಗಿ ಸುದ್ದಾ ಇಲ್ಲ. ದೇವರ ಸಿನೆಮಾ ಆದ್ದರಿಂದ ಅತ್ಯಾನೂ ಬರಬಹುದು ಅಂತ ಅಜ್ಜಿ ಪರವಾನಗಿ ಕೊಟ್ಲು. 1934ರಾಗ ಹೆಣಮಕ್ಕಳನ್ನ ಥೇಟರಿಗೆ ತಂದ ಉಪಾಯನೇ ನಾಕು ದಶಕದ ಮ್ಯಾಲೆ ನಮ್ಮ ಅತ್ಯಾನ್ನೂ ತಂತು.

ದಾರ್ಯಾಗ ತಿರುಗಿ ಬರಬೇಕಾದ್ರ, ಹೆಂಗಿತ್ತು ಅಂತ ಕೇಳಿದೆ. ಸಿನೆಮಾ ಬಗ್ಗೆ ಏನೂ ಹೇಳಲಿಲ್ಲ. "ಲೈಟ್ ಆರಿಸಿದ ಮ್ಯಾಲೆ ಛಲೋ ಅನಸತದ. ಯಾರ ಹಣಿ ಖಾಲಿ ಅದ ಅಂತ ಯಾರಿಗೂ ಕಾಣಸೂದಿಲ್ಲ" ಅಂದ್ಲು. ನನಗಾಗ ಹದಿನಾರು ಹದಿನೇಳು. ಈ ಮಾತು ಅರ್ಥ ಆಗಲಿಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು.

ಇದರ ನಡುವ 1979ರ ಮೇ ತಿಂಗಳಾಗ ಕಲ್ಪನಾ ಹೋದ್ರು. 'ಬೆಳ್ಳಿ ಮೋಡ'ದ ಇಂದಿರಾ, 'ಗೆಜ್ಜೆ ಪೂಜೆ'ಯ ಚಂದ್ರಾ, 'ಶರಪಂಜರ'ದ ಕಾವೇರಿ. ನಮ್ಮ ಬೆಳಗಾವಿ ಜಿಲ್ಲಾದ ಸಂಕೇಶ್ವರದ ಹತ್ರ, ಗೋಟೂರಿನಾಗ. ಆವಾಗ ಅವರು ನಾಟಕದ ಕಂಪನಿ ಜೋಡಿ ನಮ್ಮ ಕಡೆ ತಿರಗತಿದ್ರು. ವಯಸ್ಸು ಮೂವತ್ತೈದು. ರೇಡಿಯೋದಾಗ ಸುದ್ದಿ ಬಂದಾಗ ನಮ್ಮ ಓಣ್ಯಾಗ ಸಂಬಂಧಿಕರು ಹೋದಂಗ ಆಗಿತ್ತು.

1983ರಾಗ 'ಫಣಿಯಮ್ಮ' ಬಂತು. ಎಂ. ಕೆ. ಇಂದಿರಾ ಅವರ ಕಾದಂಬರಿ, ತಮ್ಮ ಬಳಗದಾಗೇ ಇದ್ದ ಒಬ್ಬ ಹಿರಿಯಾಕಿ ಕಥಿ. ಇಂದಿರಾ ಸಂಸಾರ, ಮಕ್ಕಳು ಎಲ್ಲಾ ನೋಡಿಕೊಂಡು ನಲವತ್ತು ದಾಟಿದ ಮ್ಯಾಲೆ ಬರೀಲಿಕ್ಕೆ ಕೂತವರು. ಇದನ್ನ ಓದೂ ನಮ್ಮ ಅಕ್ಕತಂಗೇರಿಗೆ ಇದು ನೆನಪಿರಲಿ. ನಿರ್ದೇಶನ ಪ್ರೇಮಾ ಕಾರಂತ. ಫಣಿಯಮ್ಮ ಆದವರು ಎಲ್. ವಿ. ಶಾರದಾ. ಇದಕ್ಕೂ ಮುಂಚೆ ಭೈರಪ್ಪನವರ 'ವಂಶವೃಕ್ಷ' ಸಿನೆಮಾ ಆದಾಗ, ವಿಧವಾ ಆಗಿ ಮತ್ತ ಲಗ್ನಾ ಆಗೂ ಕಾತ್ಯಾಯನಿ ಆಗಿದ್ದೂ ಇವರೇ. ಒಬ್ಬಾಕಿನೇ ಒಮ್ಮೆ ಕಟ್ಟು ಮುರದಾಕಿ, ಇನ್ನೊಮ್ಮೆ ಕಟ್ಟಿನೊಳಗೇ ನೂರು ವರ್ಷ ದಾಟಿದಾಕಿ.

ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ, ಯಾರ ಪರವಾನಗೀನೂ ಬೇಕಾಗಿರಲಿಲ್ಲ. ನಾನು, ನಮ್ಮವ್ವ, ಅತ್ಯಾ ಮೂವರೇ ಹೋದ್ವಿ. ಥೇಟರಿನಾಗ ಇಪ್ಪತ್ತು ಮಂದಿ ಇದ್ದಿದ್ರ ಹೆಚ್ಚು. ಹಾಡಿಲ್ಲ, ಕುಣಿತ ಇಲ್ಲ. ಹಿಂದಿ ಸಿನೆಮಾದ ವಿಧವಾ ಯಾವತ್ತೂ ಬಿಳಿ ಸೀರಿ. ಇಲ್ಲಿ ನಮ್ಮ ಮನಿ ಮಡಿ ಅಜ್ಜಿಗಳು ಉಡೂ ಕೆಂಪು ಸೀರಿನೇ ಪರದೆ ಮ್ಯಾಲೆ ಬಂತು. ಕೂಸಿನಂಥಾ ಹುಡುಗಿ, ಗಂಡ ಅಂದ್ರ ಏನು ಅಂತ ತಿಳಿಯೂಕಿಂತ ಮುಂಚೆ ವಿಧವಾ. ಮುಂದ ದೊಡ್ಡಾಕಿ ಆದ ಮ್ಯಾಲೆ ತಲಿ ಬೋಳಿಸತಾರ. ಆ ದೃಶ್ಯದಾಗ ಥೇಟರಿನಾಗ ಒಬ್ಬರೂ ಕೆಮ್ಮಲಿಲ್ಲ. ಆಮ್ಯಾಲೆ ದಾಕ್ಷಾಯಣಿ ಅನ್ನೋ ಸಣ್ಣ ವಯಸ್ಸಿನ ವಿಧವಾ "ನಾ ತಲಿ ಕೊಡೂದಿಲ್ಲ" ಅಂತ ಹಟಾ ಹಿಡದಾಗ, ಜೀವಮಾನವೆಲ್ಲಾ ಮಡಿ ಮಾಡಿದ ಫಣಿಯಮ್ಮನೇ ಅಕಿ ಪರವಾಗಿ ಮಾತಾಡತಾಳ. ಅತ್ಯಾ ಅಳಲಿಲ್ಲ. ಕಡೀಕ ಹೆಸರು ಮುಗದು ಲೈಟ್ ಹಚ್ಚೂತನಕ ಎದ್ದೇಳಲಿಲ್ಲ, ಅಷ್ಟೇ.

ಮನಿಗೆ ಬಂದು ಚಹಾ ಕುಡಿಯೂ ಮುಂದ ಅಕಿ ತಾನಾಗೇ ಸುರು ಮಾಡಿದ್ಲು. ಮೂವತ್ತು ವರ್ಷದಾಗ ಯಾರಿಗೂ ಹೇಳಿರಲಿಲ್ಲ. ಗಂಡ ಹೋದ ಹತ್ತನೇ ದಿನ ಅತ್ತಿಮನ್ಯಾಗ ಹಿರೇರು ಕೂತು, ತಲಿ ತಗಸೂದೋ ಬಿಡೂದೋ ಅಂತ ಚರ್ಚಾ ಮಾಡಿದ್ರಂತ. ನಮ್ಮ ಅಜ್ಜ, ಅಕಿ ಅಪ್ಪ, "ನನ್ನ ಮಗಳ ತಲಿ ಯಾರೂ ಮುಟ್ಟಬ್ಯಾಡ್ರಿ" ಅಂದ್ನಂತ. ಅದಕ್ಕ ಅವರೂ ಒಪ್ಪಿದ್ರು. "ಹಂಗಾದ್ರ ಈ ಕಾಗದಕ್ಕ ಸಹಿ ಮಾಡ್ರಿ" ಅಂದ್ರು. ಗಂಡನ ಪಾಲಿನ ಹೊಲದ ಮ್ಯಾಲೆ ತನಗೇನೂ ಹಕ್ಕಿಲ್ಲ ಅಂತ ಬಿಟ್ಟುಕೊಟ್ಟ ಕಾಗದ. ಅತ್ಯಾ ಸಹಿ ಮಾಡಿದ್ಲು. ಅದು 1953. ಪೂರ್ತಿ ಒಡೆತನ ಕೊಡೂ ಕಾಯ್ದೆ ಬಂದದ್ದು 1956. ಮೂರೇ ವರ್ಷ.

"ಜಡಿ ಉಳೀತು, ಹೊಲಾ ಹೋತು. ಫಣಿಯಮ್ಮಂದು ನೋಡಿದ್ರ ನಂದೇ ಛಲೋ ಅನ್ನಬೇಕೋ ಏನೋ" ಅಂದ್ಲು ಅತ್ಯಾ. ಆಮ್ಯಾಲೆ ಇನ್ನೊಂದು ಮಾತು ಸೇರಿಸಿದ್ಲು: "ಸಿನೆಮಾದವರು ಕುಂಕುಮ ಅಳಿಸೂದು ತೋರಸತಾರ, ಬಳಿ ಒಡಿಯೂದು ತೋರಸತಾರ. ಕಾಗದಕ್ಕ ಸಹಿ ಹಾಕಿಸೂದು ಮಾತ್ರ ತೋರಸೂದಿಲ್ಲ."

ಆ ದಿನದಿಂದ ನಾ ನೋಡಿದ ಪ್ರತಿ ಸಿನೆಮಾದಾಗ ಆ ಕಾಗದಾ ಹುಡುಕತೇನಿ. ಅತ್ಯಾ ಹೇಳಿದ್ದು ಭಾಳ ಮಟ್ಟಿಗೆ ಖರೇ ಅದ. ಹಣಿ, ಕೈ, ಕೂದಲ ಇವೆಲ್ಲಾ ಪರದೆ ಮ್ಯಾಲೆ ದೊಡ್ಡದಾಗಿ ಕಾಣಸತಾವ. ಕಾಗದದಾಗ ಏನು ಕಾಣಸತದ? ಆದ್ರ ಒಬ್ಬಾಕಿ ಜೀವಮಾನವೆಲ್ಲಾ ಇನ್ನೊಬ್ಬರ ಮನಿ ಕಾಯಬೇಕಾದ್ದು ಕುಂಕುಮ ಹೋದದ್ದಕ್ಕಷ್ಟೇ ಅಲ್ಲ, ಆ ಕಾಗದದಿಂದನೂ.

1987ರಾಗ ದೂರದರ್ಶನದಾಗ 'ರಾಮಾಯಣ' ಸುರು ಆದ ಮ್ಯಾಲೆ ದೇವರು ಮನಿಗೇ ಬಂದಂಗಾತು. ಚಪ್ಪಲಿ ಬಿಟ್ಟು ಕೂಡೂದು ಈಗ ನಮ್ಮ ಪಡಸಾಲ್ಯಾಗೇ. ಆಮ್ಯಾಲೆ ಧಾರಾವಾಹಿ ಬಂದು ಮ್ಯಾಟಿನಿ ಗುಂಪು ಒಡೀತು. ಹೆಣಮಕ್ಕಳ ಬ್ಯಾರೆ ಸಾಲು ಹೋತು, ಗುರ್ತಿಲ್ಲದಾಕಿ ಕೂಸು ಎತ್ತಿಕೊಳ್ಳೂದೂ ಹೋತು. ಟೀವಿ ಮುಂದ ಅತ್ಯಾನೂ ಕೂಡಾಕಿ. ಆದ್ರ ಅಲ್ಲಿ ಲೈಟ್ ಆರಿಸೂದಿಲ್ಲ ನೋಡ್ರಿ. ಅಕಿ 1999ರಾಗ ಹೋದ್ಲು.

ಕಡೀಕ ಒಂದು ಹೊಸಾದ್ದು ಹೇಳಿ ಮುಗಸತೇನಿ. 2018ರ ಕಡೇ ತಿಂಗಳಾಗ 'ನಾತಿಚರಾಮಿ' ಬಂತು. ಮಂಸೋರೆ ನಿರ್ದೇಶನ, ಸಂಧ್ಯಾರಾಣಿ ಅವರ ಬರವಣಿಗಿ, ಶ್ರುತಿ ಹರಿಹರನ್ ಮುಖ್ಯ ಪಾತ್ರ. ಆ ವರ್ಷದ ಒಳ್ಳೆ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂದದ. ಸೊಸಿ ಜೋಡಿ ಮಾಲಿನ ಥೇಟರಿಗೆ ಹೋಗಿ ನೋಡಿದೆ. ಗೌರಿ, ಓದಿದಾಕಿ, ನೌಕರಿ ಮಾಡಾಕಿ, ಸ್ವಂತ ಮನಿ ಅದ, ಗಂಡ ತೀರಿಕೊಂಡಾನ. ಅಕಿಗೆ ಮತ್ತ ಲಗ್ನಾ ಬ್ಯಾಡ. ಆದ್ರ ದೇಹಕ್ಕ ಆಸೆ ಅದ, ಮನಸ್ಸು ಅದಕ್ಕ ಒಪ್ಪೂದಿಲ್ಲ. ಅದನ್ನ ಬಾಯಿ ಬಿಟ್ಟು ಹೇಳತಾಳ. ನನ್ನ ವಯಸ್ಸಿನವರಿಗೆ ಕೆಲವು ಮಾತು ಕೇಳಬೇಕಾದ್ರ ಮುಜುಗರ ಆಗತದ, ಸುಳ್ಳು ಹೇಳೂದಿಲ್ಲ. ಸೊಸಿ ಪಕ್ಕದಾಗ ಕೂತಾಗಂತೂ ನಾ ನೀರಿನ ಬಾಟಲಿ ಹುಡುಕಿದ್ದೇ ಹುಡುಕಿದ್ದು! ಆದ್ರ ಎದ್ದು ಬರಬೇಕು ಅಂತ ಅನಸಲಿಲ್ಲ.

ಲೆಕ್ಕಾ ಹಾಕಿ ನೋಡ್ರಿ. 1934ರಾಗ ಅಕಿ ಚಿತಿ ಏರಿದ್ಲು. 1968ರಾಗ ಅಕಿಗೆ ಮತ್ತ ಬಾಳು ಕೊಡಬೇಕೋ ಬ್ಯಾಡೋ ಅಂತ ಅಪ್ಪ ವಿಚಾರ ಮಾಡಿದ. 1983ರಾಗ ತಲಿ ಕೊಡೂದಿಲ್ಲ ಅಂತ ಒಬ್ಬಾಕಿ ಅಂದ್ಲು, ಇನ್ನೊಬ್ಬಾಕಿ ಬೆನ್ನಿಗೆ ನಿಂತ್ಲು. 2018ರಾಗ ನನಗ ಏನು ಬೇಕು ಅಂತ ಅಕಿನೇ ತನ್ನನ್ನ ಕೇಳಿಕೊಂಡ್ಲು. ಗೌರಿಗೆ ಹಂಗ ಕೇಳಿಕೊಳ್ಳಲಿಕ್ಕೆ ಆದದ್ದು ಯಾಕ? ಅಕಿ ಕೈಯಾಗ ಪಗಾರ ಇತ್ತು, ಬಾಗಿಲಾ ಹಾಕಿಕೊಳ್ಳಲಿಕ್ಕೆ ತನ್ನದೊಂದು ಮನಿ ಇತ್ತು. ಅತ್ಯಾ ಇದ್ದಿದ್ರ ಮೊದಲ ಅದನ್ನೇ ನೋಡತಿದ್ಲು.

ನಮ್ಮ ಮನ್ಯಾಗ ಈಗ ಶ್ರಾವಣ ಶುಕ್ರವಾರ ಅರಿಷಿಣ ಕುಂಕುಮಕ್ಕ ಬಂದವರನ್ನ ಇಂಥಾಕಿ ಅಂಥಾಕಿ ಅಂತ ವಿಂಗಡಸೂದಿಲ್ಲ. ಬೇಕಾದವರು ಹಚ್ಚಿಕೋತಾರ, ಬ್ಯಾಡಾದವರು ಹೂವು ತಗೋತಾರ, ಕೋಸಂಬರಿ ಎಲ್ಲಾರಿಗೂ. ಸುರು ಮಾಡಿದಾಗ ಒಂದಿಬ್ಬರು ಬರೂದು ಬಿಟ್ರು. ಈಗ ಅವರೂ ಬರತಾರ.

ನೀವೂ ಒಂದು ಕೆಲಸಾ ಮಾಡ್ರಿ. ನಿಮ್ಮ ಮನ್ಯಾಗ ಎಂಬತ್ತು ದಾಟಿದವರು ಯಾರರೆ ಇದ್ರ, ಥೇಟರಿನಾಗ ನೋಡಿದ ಮೊದಲನೇ ಸಿನೆಮಾ ಯಾವುದು ಅಂತ ಕೇಳ್ರಿ. ಯಾರ ಜೋಡಿ ಹೋಗಿದ್ರಿ ಅಂತ ಕೇಳ್ರಿ. ಆಮ್ಯಾಲೆ ಮನಿ ಕಾಯಲಿಕ್ಕೆ ಯಾರು ಉಳದಿದ್ರು ಅಂತನೂ ಕೇಳ್ರಿ. ಮತ್ತ ಹೊಲಾ, ಮನಿ ಕಾಗದಾ ಯಾರ ಹೆಸರಿನಾಗ ಅವ ಅಂತ ಒಮ್ಮೆ ತಗದು ನೋಡ್ರಿ.